ಹುಳುಕು ಹಲ್ಲು: ಕೀಳಿಸುವ ಮೊದಲು ಉಳಿಸುವ ದಾರಿ



ಎತ್ತು ಕೊಳ್ಳಲು ಜಾತ್ರೆಗೆ ಹೋದಾಗ ನೀವು ಮೊದಲು ನೋಡುವುದು ಅದರ ಬಾಯಿಯನ್ನು. ಹಲ್ಲು ನೋಡಿ ವಯಸ್ಸು ಹೇಳುತ್ತೀರಿ, ಮೇವು ಅಗಿಯುವ ಶಕ್ತಿ ಎಷ್ಟಿದೆಯೆಂದು ತಿಳಿಯುತ್ತೀರಿ. ಆದರೆ ಮನೆಯ ಮಗುವಿನ ಬಾಯಿಯನ್ನು ಬೆಳಕಿಗೆ ಹಿಡಿದು ನೋಡುವವರು ಎಷ್ಟು ಮಂದಿ? ನಮ್ಮಲ್ಲಿ ಹಲ್ಲಿನ ವೈದ್ಯರ ಬಳಿಗೆ ಹೋಗುವುದು ನೋವು ತಡೆಯಲಾಗದೆ ಹೋದಾಗ. ಅಷ್ಟು ಹೊತ್ತಿಗೆ ಕೀಳುವುದೊಂದೇ ಉಪಾಯವೆಂಬ ಸ್ಥಿತಿ ಅನೇಕ ಸಲ ಬಂದಿರುತ್ತದೆ. ಇದೇ ಹಲ್ಲನ್ನು, ತೂತು ಸಣ್ಣದಿದ್ದಾಗಲೇ ತೋರಿಸಿದರೆ, ಬಹುಪಾಲು ನೋವಿಲ್ಲದೆ ಉಳಿಸಿಕೊಳ್ಳಬಹುದು. ಅದು ಹೇಗೆಂಬುದನ್ನು ಇಲ್ಲಿ ವಿವರಿಸಿದೆ.

ಹುಳುಕಿನಲ್ಲಿ ಹುಳುವಿಲ್ಲ

"ಹುಳುಕು" ಎಂಬ ಮಾತೇ ಹಲ್ಲಿನಲ್ಲಿ ಹುಳು ಇದೆಯೆಂಬ ನಂಬಿಕೆಯಿಂದ ಬಂದಂತಿದೆ. ಬೀಜಗಳನ್ನು ಕೆಂಡದ ಮೇಲೆ ಹಾಕಿ, ಬಾಯಿಗೆ ಹೊಗೆ ಕೊಟ್ಟು, "ನೋಡಿ, ಹುಳು ಬಿತ್ತು" ಎಂದು ತೋರಿಸುವವರು ಊರೂರು ತಿರುಗುವುದುಂಟು. ಬೀಜ ಬಿಸಿಗೆ ಸಿಡಿದಾಗ ಅದರೊಳಗಿನ ಬಿಳಿಯ ಮೊಳಕೆ ಹೊರಬಿದ್ದು ಹುಳುವಿನಂತೆ ಕಾಣಬಹುದು. ಬೀಜದ ಒಳಗನ್ನು ಬಲ್ಲ ರೈತನಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಲ್ಲಿನಲ್ಲಿ ಹುಳು ಇಲ್ಲವೆಂದು ಫ್ರಾನ್ಸಿನ ದಂತ ವೈದ್ಯ ಪಿಯೆರ್ ಫೋಶಾರ್ 1728ರಲ್ಲೇ ತನ್ನ ಗ್ರಂಥದಲ್ಲಿ ಬರೆದಿದ್ದನು. ನಿಜವಾದ ಕಾರಣವನ್ನು 1890ರಲ್ಲಿ ವಿವರವಾಗಿ ತಿಳಿಸಿದವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಡಬ್ಲ್ಯು. ಡಿ. ಮಿಲ್ಲರ್.

ಕಾರಣ ಇಷ್ಟು: ಎಲ್ಲರ ಬಾಯಲ್ಲೂ ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳಿವೆ. ಅವು ಹಲ್ಲಿನ ಮೇಲೆ ಲೋಳೆಯಂತೆ ಅಂಟಿಕೊಂಡಿರುತ್ತವೆ. ನಾವು ತಿಂದ ಸಕ್ಕರೆ, ಬೆಲ್ಲ, ಬಿಸ್ಕತ್ತುಗಳ ಅಂಶವನ್ನು ಅವೂ ತಿಂದು ಹುಳಿಯನ್ನು ಬಿಡುತ್ತವೆ. ಆ ಹುಳಿ ಹಲ್ಲಿನ ಸುಣ್ಣದ ಅಂಶವನ್ನು ಕರಗಿಸುತ್ತದೆ. ಬಾಯಿಯ ಜೊಲ್ಲು ಸುಣ್ಣದ ಅಂಶವನ್ನು ಮತ್ತೆ ಹಲ್ಲಿಗೆ ತುಂಬುತ್ತದೆ. ಹೀಗೆ ದಿನವೂ ಸವಕಲು, ದಿನವೂ ದುರಸ್ತಿ. ಗಳಿಗೆಗೊಮ್ಮೆ ಸಿಹಿ ತಿನ್ನುತ್ತಿದ್ದರೆ ದುರಸ್ತಿಗೆ ಸಮಯ ಸಿಗುವುದಿಲ್ಲ. ಮಳೆನೀರು ಬದುವನ್ನು ಒಂದೇ ಕಡೆ ಕೊರೆದಂತೆ ಹಲ್ಲು ಅಲ್ಲಿ ಕೊರೆಯುತ್ತದೆ.

ಹಲ್ಲಿಗೆ ಮೂರು ಪದರಗಳು. ಮೇಲಿನದು ಎನಾಮಲ್ ಎಂಬ ಗಟ್ಟಿ ಕವಚ. ಅದರ ಕೆಳಗೆ ಅಷ್ಟು ಗಟ್ಟಿಯಲ್ಲದ ಡೆಂಟಿನ್. ಒಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು. ಕವಚದಲ್ಲಿ ಸೀಮೆಸುಣ್ಣದಂತಹ ಬಿಳಿ ಮಚ್ಚೆ ಕಂಡಾಗ ರೋಗ ಆರಂಭವಾಗಿದೆ. ಇನ್ನೂ ತೂತು ಬಿದ್ದಿಲ್ಲ. ಆಗ ಶುದ್ಧತೆ, ಸಿಹಿಯ ಮಿತಿ ಮತ್ತು ಫ್ಲೋರೈಡ್ ಇವುಗಳಿಂದಲೇ ಅದನ್ನು ನಿಲ್ಲಿಸಬಹುದು. ತೂತು ಬಿದ್ದ ಮೇಲೆ ಅದನ್ನು ಮುಚ್ಚಬೇಕಾಗುತ್ತದೆ. ತಿರುಳಿಗೆ ತಲುಪಿದ ಮೇಲೆ ಕೆಲಸವೂ ದೊಡ್ಡದು, ವೆಚ್ಚವೂ ದೊಡ್ಡದು.

ಹಿಂದೆ ಕೊರೆದರು, ಈಗ ಮುಚ್ಚುತ್ತಾರೆ

ಅಮೆರಿಕದ ಜಿ. ವಿ. ಬ್ಲ್ಯಾಕ್ 1908ರಲ್ಲಿ ಪ್ರಕಟಿಸಿದ ಗ್ರಂಥ ಬಹುಕಾಲ ದಂತ ವೈದ್ಯರಿಗೆ ಮಾರ್ಗದರ್ಶಿಯಾಗಿತ್ತು. ಹುಳುಕನ್ನು ಪೂರ್ತಿ ಕೊರೆದು ತೆಗೆದು, ಮುಂದೆ ಕೆಡಬಹುದಾದ ಸುತ್ತಲಿನ ಭಾಗವನ್ನೂ ತೆಗೆದು, ಗಟ್ಟಿ ಲೋಹದಿಂದ ತುಂಬಬೇಕೆಂಬುದು ಆಗಿನ ನಿಯಮ. ಅಂದಿನ ತಿಳಿವಳಿಕೆಗೆ ಅದು ಸರಿಯಾಗಿಯೇ ಕಂಡಿತ್ತು. ಆದರೆ ಒಳ್ಳೆಯ ಹಲ್ಲೂ ಹೋಗುತ್ತಿತ್ತು, ಆಳಕ್ಕೆ ಕೊರೆದಾಗ ತಿರುಳು ತೆರೆದುಕೊಳ್ಳುವ ಭಯವೂ ಇತ್ತು.

ಮುಂದಿನ ಸಂಶೋಧನೆಯಿಂದ ತಿಳಿದ ಮುಖ್ಯ ಸಂಗತಿ ಇದು: ಹುಳುಕಿನ ಸೂಕ್ಷ್ಮಾಣುಗಳಿಗೆ ಬಾಯಿಂದ ಆಹಾರ ಬೇಕು. ತೂತಿನ ಬಾಯಿಯನ್ನು ಗಾಳಿಯಾಡದಂತೆ ಮುಚ್ಚಿಬಿಟ್ಟರೆ ಅವು ಹಸಿವಿನಿಂದ ಸೊರಗುತ್ತವೆ, ರೋಗ ನಿಲ್ಲುತ್ತದೆ. ಹಗೇವಿನ ಬಾಯಿಯನ್ನು ಭದ್ರವಾಗಿ ಮೆತ್ತಿದರೆ ಒಳಗಿನ ಕೀಟ ಉಳಿಯದು; ಇದೂ ಹಾಗೆಯೇ. 2015ರಲ್ಲಿ ಬೆಲ್ಜಿಯಮ್ಮಿನ ಲ್ಯುವೆನ್ ನಗರದಲ್ಲಿ 12 ದೇಶಗಳ 21 ಮಂದಿ ತಜ್ಞರು ಸೇರಿ ಚರ್ಚಿಸಿದರು. ಅವರ ತೀರ್ಮಾನ 2016ರಲ್ಲಿ ಪ್ರಕಟವಾಯಿತು. ಆಳವಾದ ತೂತಿನಲ್ಲಿ ಅಂಚುಗಳನ್ನು ಮಾತ್ರ ಗಟ್ಟಿ ಭಾಗದವರೆಗೆ ಶುದ್ಧ ಮಾಡಬೇಕು; ತಿರುಳಿನ ಹತ್ತಿರ ಸ್ವಲ್ಪ ಮೆತ್ತನೆಯ ಭಾಗವನ್ನು ಬಿಟ್ಟು ಭದ್ರವಾಗಿ ಮುಚ್ಚಬೇಕು ಎಂದು ಅವರು ಹೇಳಿದರು. ಆದ್ದರಿಂದ "ವೈದ್ಯರು ಪೂರ್ತಿ ಕೆರೆಯದೆ ಬಿಟ್ಟರು" ಎಂದು ಸಂಶಯಪಡಬೇಡಿ. ಹಲ್ಲಿನ ಜೀವ ಉಳಿಸಲೆಂದೇ ಹಾಗೆ ಮಾಡಿರಬಹುದು.

ಬಾಯಲ್ಲೇ ಒಂದು ಪ್ರಾತ್ಯಕ್ಷಿಕೆ ತಾಕು

ಹೊಸ ತಳಿಯನ್ನು ನಾವು ಹೇಗೆ ಪರೀಕ್ಷಿಸುತ್ತೇವೆ? ಒಂದೇ ಹೊಲದಲ್ಲಿ ಅಕ್ಕಪಕ್ಕ ಎರಡು ತಾಕು ಮಾಡಿ, ಒಂದರಲ್ಲಿ ಹಳೆಯದು, ಇನ್ನೊಂದರಲ್ಲಿ ಹೊಸದು ಬಿತ್ತುತ್ತೇವೆ. ಮಣ್ಣು, ನೀರು, ಮಳೆ ಎರಡಕ್ಕೂ ಒಂದೇ. ಸ್ಕಾಟ್ಲೆಂಡಿನಲ್ಲಿ ಇದೇ ಕ್ರಮದಿಂದ ಮಕ್ಕಳ ಹಲ್ಲಿನ ಚಿಕಿತ್ಸೆಯನ್ನು ಪರೀಕ್ಷಿಸಿದರು. ಅಲ್ಲಿ ನಾರ್ನಾ ಹಾಲ್ ಎಂಬ ದಂತ ವೈದ್ಯೆ ಹುಳುಕು ಹಿಡಿದ ಹಾಲು ದವಡೆ ಹಲ್ಲನ್ನು ಕೊರೆಯದೆ, ಸೂಜಿಮದ್ದು ಕೊಡದೆ, ಅದರ ಮೇಲೆ ಸಿಮೆಂಟು ತುಂಬಿದ ಸ್ಟೀಲಿನ ಟೋಪಿಯನ್ನು ಒತ್ತಿ ಕೂರಿಸುತ್ತಿದ್ದರು. ಇದು ನಿಜವಾಗಿ ಫಲ ಕೊಡುವುದೇ ಎಂದು ನೋಡಲು 132 ಮಕ್ಕಳನ್ನು ಆರಿಸಿದರು. ಪ್ರತಿ ಮಗುವಿನ ಬಾಯಲ್ಲೂ ಒಂದೇ ಬಗೆಯ ಎರಡು ಹುಳುಕು ಹಲ್ಲು. ಒಂದಕ್ಕೆ ಟೋಪಿ, ಇನ್ನೊಂದಕ್ಕೆ ವಾಡಿಕೆಯ ತುಂಬುವಿಕೆ. ಯಾವುದಕ್ಕೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಪಕ್ಷಪಾತವಿಲ್ಲದೆ ಗೊತ್ತುಮಾಡಿದರು.

2007ರಲ್ಲಿ 2 ವರ್ಷದ ಫಲವೂ 2011ರಲ್ಲಿ 5 ವರ್ಷದ ಫಲವೂ ಪ್ರಕಟವಾದವು. ಐದು ವರ್ಷದಲ್ಲಿ ನೋವು, ಕೀವು ಮುಂತಾದ ದೊಡ್ಡ ತೊಂದರೆ ಬಂದದ್ದು ಟೋಪಿಯ ಹಲ್ಲುಗಳಲ್ಲಿ 100ಕ್ಕೆ 3. ವಾಡಿಕೆಯಂತೆ ತುಂಬಿದ ಹಲ್ಲುಗಳಲ್ಲಿ 100ಕ್ಕೆ 16.5. ಒಬ್ಬ ವೈದ್ಯರ ಅನುಭವ ಹೀಗೆ ಎಲ್ಲರೂ ನಂಬಬಹುದಾದ ತಿಳಿವಳಿಕೆಯಾಯಿತು. ಈ ವಿಧಾನ ಹಾಲುಹಲ್ಲಿಗೆ, ಅದೂ ತಿರುಳು ಕೆಡದಿದ್ದಾಗ ಮಾತ್ರ ಎಂಬುದು ನೆನಪಿರಲಿ.

ವಿದ್ಯುತ್ತಿಲ್ಲದ ಹಳ್ಳಿಗೆ ಒದಗಿದ ವಿಧಾನ

ಕೊರೆಯುವ ಯಂತ್ರವಾಗಲಿ ಕೊಳಾಯಿ ನೀರಾಗಲಿ ಇಲ್ಲದ ಊರಲ್ಲಿ ಏನು ಮಾಡಬೇಕು? 1980ರ ದಶಕದ ನಡುವೆ ಆಫ್ರಿಕದ ಟಾಂಜಾನಿಯಾದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದರು. ಕೈ ಉಪಕರಣಗಳಿಂದ ಮೆತ್ತನೆಯ ಹುಳುಕನ್ನು ಕೆರೆದು ತೆಗೆದು, ಅಂಟುವ ಸಿಮೆಂಟಿನಿಂದ ತೂತು ಮುಚ್ಚುವುದೇ ಆ ವಿಧಾನ. 1991ರಲ್ಲಿ ಥಾಯ್ಲೆಂಡಿನ ಹಳ್ಳಿಗಳಲ್ಲಿ ಅದರ ಪರೀಕ್ಷೆ ಆರಂಭವಾಯಿತು. 1994ರ ವಿಶ್ವ ಆರೋಗ್ಯ ದಿನದಂದು ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ಬೆಂಬಲ ಸೂಚಿಸಿತು. ಗಟ್ಟಿ ಭಾಗವನ್ನು ಕೊರೆಯದ ಕಾರಣ ಬಹಳ ಮಂದಿಗೆ ಸೂಜಿಮದ್ದೂ ಬೇಕಾಗುವುದಿಲ್ಲ.

ಇದರಲ್ಲಿ ಬಳಸುವ ಗ್ಲಾಸ್ ಅಯೊನೊಮರ್ ಎಂಬ ಸಿಮೆಂಟನ್ನು ಲಂಡನ್ನಿನ ಸರ್ಕಾರಿ ಪ್ರಯೋಗಾಲಯದಲ್ಲಿ ವಿಲ್ಸನ್ ಮತ್ತು ಕೆಂಟ್ ಎಂಬ ವಿಜ್ಞಾನಿಗಳು ರೂಪಿಸಿ 1972ರಲ್ಲಿ ಪ್ರಕಟಿಸಿದರು. ಗಾಜಿನ ನುಣ್ಣನೆಯ ಪುಡಿಯನ್ನು ಒಂದು ಬಗೆಯ ಆಮ್ಲದಲ್ಲಿ ಕಲಸಿದರೆ ಅದು ಗಟ್ಟಿಯಾಗಿ ಹಲ್ಲಿಗೇ ಕಚ್ಚಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ ಫ್ಲೋರೈಡನ್ನೂ ಬಿಡುತ್ತದೆ. ಹಾಕಿಸಿಕೊಂಡ ಮೇಲೆ ಒಂದು ಗಂಟೆ ಏನನ್ನೂ ತಿನ್ನಬಾರದು.

ಇದರ ಮಿತಿಯನ್ನೂ ಹೇಳಬೇಕು. ಅನೇಕ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಹಾಲುಹಲ್ಲಿನ ಒಂದೇ ಮುಖದಲ್ಲಿದ್ದ ತೂತಿನ ಮುಚ್ಚುಗೆ 2 ವರ್ಷದ ತನಕ 100ಕ್ಕೆ 93 ಉಳಿದಿತ್ತು. ಒಂದಕ್ಕಿಂತ ಹೆಚ್ಚು ಮುಖಕ್ಕೆ ಹರಡಿದ್ದರೆ 100ಕ್ಕೆ 62 ಮಾತ್ರ. ಶಾಶ್ವತ ಹಲ್ಲಿನ ಒಂದು ಮುಖದ ಮುಚ್ಚುಗೆ 5 ವರ್ಷದ ತನಕ 100ಕ್ಕೆ 80 ಉಳಿದಿತ್ತು. ಸಣ್ಣ ತೂತಿನಲ್ಲೇ ಹೋದವರಿಗೆ ಹೆಚ್ಚು ಲಾಭವೆಂಬುದು ಈ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಇನ್ನೊಂದು ಔಷಧ ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂಬ ದ್ರವ. ವೈದ್ಯರು ಇದರ ಒಂದು ಹನಿಯನ್ನು ಹುಳುಕಿಗೆ ಹಚ್ಚಿದರೆ ರೋಗದ ಹರಡುವಿಕೆ ಅನೇಕ ಸಲ ನಿಲ್ಲುತ್ತದೆ. ಕೊರೆಯುವುದಿಲ್ಲ, ನೋವಿಲ್ಲ. ಆದರೆ ಹುಳುಕಿನ ಜಾಗ ಕಪ್ಪಾಗುತ್ತದೆ, ಆ ಕಪ್ಪು ಹೋಗುವುದಿಲ್ಲ. ಈ ದ್ರವವನ್ನೂ ಮೇಲೆ ಹೇಳಿದ ಸಿಮೆಂಟನ್ನೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಆರನೆಯ ವರ್ಷದ ದವಡೆ ಹಲ್ಲು

ಇಲ್ಲಿ ತಂದೆತಾಯಿಗಳ ವಿಶೇಷ ಗಮನ ಬೇಕು. ಮಗುವಿಗೆ ಸುಮಾರು 6 ವರ್ಷವಾದಾಗ, ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ಒಂದೊಂದು ಕಡೆ ಒಂದರಂತೆ ನಾಲ್ಕು ದವಡೆ ಹಲ್ಲುಗಳು ಹುಟ್ಟುತ್ತವೆ. ಅನೇಕರು ಇವನ್ನೂ ಹಾಲುಹಲ್ಲೆಂದೇ ತಿಳಿದು "ಬಿದ್ದು ಹೊಸದು ಬರುತ್ತದೆ" ಎಂದು ಸುಮ್ಮನಿರುತ್ತಾರೆ. ಇವು ಬಿದ್ದರೆ ಮತ್ತೆ ಬರುವುದಿಲ್ಲ. ಜೀವಮಾನವೆಲ್ಲ ರೊಟ್ಟಿ, ಮುದ್ದೆ, ಜೋಳ ಅಗಿಯಬೇಕಾದ ಹಲ್ಲುಗಳಿವು. ಇವುಗಳ ಆಳವಾದ ಗೆರೆಗಳಲ್ಲಿ ಹುಳುಕು ಬೇಗ ಹತ್ತುತ್ತದೆ. ಆ ಗೆರೆಗಳನ್ನು ಮೊದಲೇ ಲೇಪ ಹಾಕಿ ಮುಚ್ಚಿಸಲೂಬಹುದು.

ಯಾವಾಗ ತಡಮಾಡಬಾರದು

ಸಿಹಿ ಅಥವಾ ತಣ್ಣೀರು ತಾಗಿದಾಗ ಮಾತ್ರ ಜುಮ್ಮೆಂದು ತಕ್ಷಣ ನಿಂತರೆ, ಸಾಮಾನ್ಯವಾಗಿ ಹಲ್ಲು ಮುಚ್ಚಿ ಉಳಿಸುವ ಹಂತದಲ್ಲಿರುತ್ತದೆ. ತಾನಾಗಿಯೇ ನೋವು ಬಂದು ರಾತ್ರಿ ನಿದ್ದೆ ಕೆಡಿಸಿದರೆ ತಿರುಳಿಗೆ ಪೆಟ್ಟಾಗಿದೆ. ಆಗ ಬೇರಿನ ಚಿಕಿತ್ಸೆ ಇಲ್ಲವೆ ಕೀಳುವುದು ಬೇಕಾಗಬಹುದು. ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಇದು ಪ್ರಾಣಾಪಾಯದ ಲಕ್ಷಣ. ಹಲ್ಲಿಗೆ ಹೊಗೆಸೊಪ್ಪು ಒತ್ತುವುದು, ಬ್ಯಾಟರಿಯ ಆಮ್ಲ ಹಚ್ಚುವುದು ಖಂಡಿತ ಕೂಡದು.

ಮನೆಯಲ್ಲಿ ಮಾಡಬೇಕಾದದ್ದು

1. ಬೆಳಿಗ್ಗೆ ಮತ್ತು ಮಲಗುವ ಮುಂಚೆ ಫ್ಲೋರೈಡ್ ಇರುವ ಪೇಸ್ಟಿನಿಂದ ಹಲ್ಲುಜ್ಜಿರಿ. ಬೇವಿನ ಕಡ್ಡಿ ಲೋಳೆಯನ್ನು ತೆಗೆಯುತ್ತದೆ. ಆದರೆ ಅದರಲ್ಲಿ ಪೇಸ್ಟಿನಷ್ಟು ಫ್ಲೋರೈಡ್ ಇಲ್ಲ. ಇದ್ದಿಲು, ಇಟ್ಟಿಗೆ ಪುಡಿ ಹಲ್ಲನ್ನು ಸವೆಸುತ್ತವೆ.

2. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿಯಷ್ಟು ಪೇಸ್ಟು ಸಾಕು. ನುಂಗದಂತೆ ಹಿರಿಯರೇ ನಿಂತು ಉಜ್ಜಿಸಿರಿ.

3. ಪಾವಗಡ, ಬಾಗೇಪಲ್ಲಿಯಂತಹ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲು ಕಂದು ಬಣ್ಣಕ್ಕೆ ತಿರುಗುವುದುಂಟು. ಅದು ಹುಳುಕಲ್ಲ, ಬೇರೆ ತೊಂದರೆ. ಅಂತಹ ಊರಿನವರು ಕುಡಿಯುವ ನೀರನ್ನು ಪರೀಕ್ಷೆ ಮಾಡಿಸಿ, ಶುದ್ಧ ನೀರನ್ನೇ ಬಳಸಬೇಕು.

4. ಸಿಹಿಯನ್ನು ಊಟದ ಜೊತೆಗೇ ಕೊಡಿ. ಹೊತ್ತುಹೊತ್ತಿಗೂ ಮಿಠಾಯಿ, ರಾತ್ರಿ ಸಕ್ಕರೆ ಹಾಲಿನ ಬಾಟಲಿ ಬೇಡ.

5. ತಿಂಗಳಿಗೊಮ್ಮೆ ಮಗುವಿನ ತುಟಿ ಎತ್ತಿ, ದವಡೆಯವರೆಗೂ ಬೆಳಕಿನಲ್ಲಿ ನೋಡಿ. ಬಿಳಿ ಮಚ್ಚೆ, ಕಂದು ತೂತು ಕಂಡರೆ ನೋವಿಗಾಗಿ ಕಾಯದೆ ದಂತ ವೈದ್ಯರಿರುವ ಆಸ್ಪತ್ರೆಗೆ ತೋರಿಸಿ. "ಕೊರೆಯದೆ ಮುಚ್ಚಿ ಉಳಿಸಲು ಸಾಧ್ಯವೇ?" ಎಂದು ಧೈರ್ಯವಾಗಿ ಕೇಳಿ.

ಬದುವಿನಲ್ಲಿ ಸಣ್ಣ ಬಿಲ ಕಂಡ ದಿನವೇ ಒಂದು ಬುಟ್ಟಿ ಮಣ್ಣು ಹಾಕುವವನಿಗೆ ಮಳೆಗಾಲದಲ್ಲಿ ಹೊಲ ಕೊಚ್ಚಿಹೋಗುವ ಭಯವಿಲ್ಲ. ಹಲ್ಲಿನ ವಿಷಯದಲ್ಲೂ ಅದೇ ಜಾಣತನವನ್ನು ತೋರಿಸಿರಿ. ಈ ವಾರವೇ ನಿಮ್ಮ ಮನೆಯ ಮಕ್ಕಳ ಬಾಯಿ ನೋಡಿ.