ಹೊರಚಾಚುವ ಕೋಣೆಗೊಂದು ಸೂರು

ಅಮೆರಿಕದ ಹೆದ್ದಾರಿಗಳಲ್ಲಿ ಕಾರು ಅಥವಾ ಪಿಕಪ್ ವಾಹನದ ಹಿಂದೆ ಕೊಂಡಿ ಸಿಕ್ಕಿಸಿಕೊಂಡು ಸಾಗುವ ಟ್ರಾವೆಲ್ ಟ್ರೇಲರ್, ಅಂದರೆ ಅಡುಗೆಮನೆ, ಹಾಸಿಗೆ, ಶೌಚಾಲಯಗಳನ್ನೆಲ್ಲ ಒಡಲಲ್ಲಿಟ್ಟುಕೊಂಡ ಗಾಲಿಯ ಮನೆ, ತನ್ನ ಚರಿತ್ರೆಯುದ್ದಕ್ಕೂ ಹೆಣಗಿರುವುದು ಅಗಲದ ಜೊತೆ. 1956ರ ಫೆಡರಲ್ ಹೆದ್ದಾರಿ ಕಾಯ್ದೆಯು ಅಂತರರಾಜ್ಯ ಹೆದ್ದಾರಿಗಳ ಮೇಲೆ ಓಡುವ ವಾಹನಗಳ ಅಗಲಕ್ಕೆ 96 ಅಂಗುಲದ, ಎಂದರೆ ಎಂಟು ಅಡಿಯ ಗಡಿ ಹಾಕಿತು. 1982ರ ಕಾಯ್ದೆ ಲಾರಿಗಳಿಗೆ ಆ ಗಡಿಯನ್ನು 102 ಅಂಗುಲಕ್ಕೆ ಏರಿಸಿದ ಮೇಲೆ ಟ್ರೇಲರುಗಳೂ ಕ್ರಮೇಣ ಆ ಅಳತೆಗೆ ಹಿಗ್ಗಿದವಾದರೂ, ಎಂಟೂವರೆ ಅಡಿಯೊಳಗೆ ಸೋಫಾ, ಊಟದ ಮೇಜು, ಒಲೆ ಎಲ್ಲವನ್ನೂ ಹೊಂದಿಸಿ ನಡುವೆ ಓಡಾಡಲು ದಾರಿ ಬಿಡುವುದು ಸುಲಭವಾಗಲಿಲ್ಲ. ಇಂದು ಟ್ರೇಲರಿನ ಒಡೆಯರನ್ನು ಯೋಚನೆಗೆ ಹಚ್ಚುವ ಒಂದು ಸಣ್ಣ ಪ್ರಶ್ನೆ, ಹೊರಚಾಚುವ ಕೋಣೆಯ ಮೇಲೆ ಬಟ್ಟೆಯ ಹೊದಿಕೆ ಹಾಕಿಸಬೇಕೇ ಬೇಡವೇ ಎಂಬುದು, ಹುಟ್ಟಿದ್ದೇ ಈ ಇಕ್ಕಟ್ಟಿನಿಂದ.

ಇಕ್ಕಟ್ಟಿಗೆ ಮೊದಲು ದೊರೆತ ಪರಿಹಾರ ಬೇರೆಯೇ ಬಗೆಯದಾಗಿತ್ತು. 1954ರ ಸುಮಾರಿಗೆ ವಿಸ್ಕಾನ್ಸಿನ್ ರಾಜ್ಯದ ಮಾರ್ಷ್‌ಫೀಲ್ಡಿನ ತಯಾರಕ ಎಲ್ಮರ್ ಫ್ರೇ ಹತ್ತು ಅಡಿ ಅಗಲದ ಮನೆಗಳನ್ನು ಮಾರುಕಟ್ಟೆಗೆ ತಂದನು. ಅವುಗಳನ್ನು ರಸ್ತೆಯ ಮೇಲೆ ಸಾಗಿಸಲು ವಿಶೇಷ ಪರವಾನಗಿ ಬೇಕಿದ್ದರಿಂದ ಅವು ಒಮ್ಮೆ ಒಂದೆಡೆ ನೆಲೆಯಾದರೆ ಅಲ್ಲಿಯೇ ಉಳಿಯುವಂಥವಾದವು. ‘ಮೊಬೈಲ್ ಹೋಮ್’, ಎಂದರೆ ಚಲಿಸುವ ಮನೆ, ಎಂಬ ಹೆಸರನ್ನು ಬಳಕೆಗೆ ತಂದ ಕೀರ್ತಿಯೂ ಆತನಿಗೇ ಸಲ್ಲುತ್ತದೆ ಎನ್ನುವುದು ವಿನೋದದ ಸಂಗತಿ, ಏಕೆಂದರೆ ಅಗಲವಾದಷ್ಟೂ ಆ ಮನೆ ಚಲಿಸುವುದನ್ನು ಮರೆಯುತ್ತ ಹೋಯಿತು. ಹೀಗೆ ಒಂದೇ ಬೇರಿನಿಂದ ಎರಡು ಕವಲುಗಳೊಡೆದು, ಅಗಲವನ್ನು ಬಯಸಿದ್ದು ನೆಲಕ್ಕೆ ಅಂಟಿಕೊಂಡಿತು, ತಿರುಗಾಟವನ್ನು ಬಯಸಿದ್ದು ಇಕ್ಕಟ್ಟನ್ನು ಒಪ್ಪಿಕೊಂಡಿತು.

ಎರಡನ್ನೂ ಒಟ್ಟಿಗೆ ಪಡೆಯುವ ಉಪಾಯವೇ ಸ್ಲೈಡ್‌ಔಟ್. ಮೇಜಿನ ಖಾನೆಯನ್ನು ಎಳೆದು ಮತ್ತೆ ತಳ್ಳುವಂತೆ, ಗೋಡೆಯ ಒಂದು ಭಾಗವನ್ನು ಅದಕ್ಕಂಟಿದ ಸೋಫಾ, ಮೇಜುಗಳ ಸಮೇತ ತಂಗುದಾಣದಲ್ಲಿ ಮೋಟಾರಿನಿಂದ ಹೊರಕ್ಕೆ ಚಾಚಿ, ಹೊರಡುವ ಮುನ್ನ ಒಳಕ್ಕೆ ಸೆಳೆದುಕೊಳ್ಳುವ ಕೋಣೆ ಇದು. ಹಿಗ್ಗುವ ಮನೆಗಳ ಪ್ರಯೋಗಗಳು ಮೊದಲೇ ನಡೆದಿದ್ದರೂ, ಇಂಡಿಯಾನಾ ರಾಜ್ಯದ ನ್ಯಾಪನಿಯ ನ್ಯೂಮಾರ್ ಕಂಪನಿ 1990ರಲ್ಲಿ ಮೋಟರ್‌ಹೋಮಿಗೆ, ಅಂದರೆ ತನ್ನದೇ ಎಂಜಿನ್ ಇರುವ ವಾಸದ ವಾಹನಕ್ಕೆ, ಇದನ್ನು ಅಳವಡಿಸಿದ ಬಳಿಕ ಇದು ವೇಗವಾಗಿ ಹರಡಿತು. ದೊಡ್ಡ ಟ್ರೇಲರುಗಳಲ್ಲಿ ಈಗ ಮೂರು ನಾಲ್ಕು ಸ್ಲೈಡುಗಳಿರುವುದೂ ಉಂಟು.

ಆದರೆ ಖಾನೆಗೆ ಇಲ್ಲದ ಒಂದು ತೊಡಕು ಕೋಣೆಗಿದೆ. ಖಾನೆಯು ಮಳೆಯಲ್ಲಿ ತೆರೆದು ನಿಲ್ಲುವುದಿಲ್ಲ. ಸ್ಲೈಡಿನ ಚಾವಣಿಯೋ ಬಹುಮಟ್ಟಿಗೆ ಸಮತಟ್ಟಾಗಿ, ಟ್ರೇಲರಿನ ಮುಖ್ಯ ಚಾವಣಿಗಿಂತ ತಗ್ಗಿನಲ್ಲಿ, ಆಕಾಶಕ್ಕೆ ತೆರೆದುಕೊಂಡಿರುತ್ತದೆ. ಕೋಣೆಗೂ ಗೋಡೆಗೂ ನಡುವಣ ಸಂದನ್ನು ರಬ್ಬರಿನ ಪಟ್ಟಿಗಳು ಮುಚ್ಚುತ್ತವೆ. ಕೋಣೆ ಒಳಸರಿಯುವಾಗ ಅದರ ಮೈಯನ್ನು ಸವರುತ್ತ ನೀರನ್ನು ಹೊರತಳ್ಳುವುದು ವೈಪರ್ ಸೀಲ್. ಕೋಣೆ ಪೂರ್ತಿ ಒಳಗೆ ಅಥವಾ ಪೂರ್ತಿ ಹೊರಗೆ ನಿಂತಾಗ ಅದುಮಿಕೊಂಡು ಸಂದನ್ನು ತುಂಬುವ ಟೊಳ್ಳು ಪಟ್ಟಿ ಬಲ್ಬ್ ಸೀಲ್. ಬರಿಯ ನೀರನ್ನು ಇವು ತಕ್ಕಮಟ್ಟಿಗೆ ತಡೆಯುತ್ತವೆ. ಓಕ್ ಮರದ ಕಾಯಿ, ಪೈನ್ ಮರದ ಸೂಜಿಯೆಲೆ, ಜಿಗುಟು ರಾಳ, ಸಣ್ಣ ಕಡ್ಡಿ ಇವು ಚಾವಣಿಯ ಮೇಲೆ ಬಿದ್ದಿರುವಾಗಲೇ ಕೋಣೆಯನ್ನು ಎಳೆದುಕೊಂಡರೆ ಪಟ್ಟಿ ಮಡಚಿಕೊಳ್ಳುತ್ತದೆ, ಇಲ್ಲವೇ ಹರಿಯುತ್ತದೆ, ಕಸವೂ ಅದರೊಡನೆ ನೀರೂ ಒಳಗಿನ ಸೋಫಾದ ಮೇಲಿಳಿಯುತ್ತವೆ. ಇದನ್ನು ತಪ್ಪಿಸಲು ಹೊರಡುವ ದಿನ ಬೆಳಿಗ್ಗೆ ಏಣಿ ಹಾಕಿ, ಪೊರಕೆ ಹಿಡಿದು ಚಾವಣಿ ಗುಡಿಸಬೇಕು. ನಿವೃತ್ತಿಯ ನಂತರ ಟ್ರೇಲರನ್ನೇ ಮನೆ ಮಾಡಿಕೊಂಡವರು ಅಲ್ಲಿ ಕಡಿಮೆಯಿಲ್ಲವೆಂಬುದನ್ನು ನೆನೆದರೆ, ಆ ಏಣಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಸ್ಲೈಡ್ ಟಾಪರ್ ಎಂದು ಕರೆಸಿಕೊಳ್ಳುವ ಹೊದಿಕೆ ಬಂದದ್ದು ಈ ಪೊರಕೆಯ ಕೆಲಸವನ್ನು ತಪ್ಪಿಸುವುದಕ್ಕೆ. ಟ್ರೇಲರಿನ ಪಕ್ಕದಲ್ಲಿ ನೆರಳಿಗಾಗಿ ಬಿಚ್ಚುವ ಸುರುಳಿ ಚಪ್ಪರದ ತತ್ತ್ವವೇ ಇಲ್ಲಿಯೂ ಇದೆ: ಬಟ್ಟೆಯ ಒಂದು ಅಂಚನ್ನು ಸ್ಲೈಡಿನ ಮೇಲ್ಗಡೆಯ ಗೋಡೆಗೆ ಬಿಗಿದ ಲೋಹದ ಹಳಿಯೊಳಗೆ ತೂರಿಸಿ, ಇನ್ನೊಂದು ಅಂಚನ್ನು ಸ್ಲೈಡಿನ ಹೊರತುದಿಯ ಕೊಳವೆಗೆ ಸುತ್ತಲಾಗುತ್ತದೆ. ಕೋಣೆ ಹೊರಟಂತೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಒಳಬಂದಂತೆ ಕೊಳವೆಯೊಳಗಿನ ಸ್ಪ್ರಿಂಗು ತಾನೇ ಅದನ್ನು ಸುತ್ತಿಕೊಳ್ಳುತ್ತದೆ. ಬೇರೆ ಮೋಟಾರು ಬೇಕಿಲ್ಲ. ಬಟ್ಟೆಯ ಮೇಲಿನ ಒಣ ಎಲೆಗಳು ಸುತ್ತುವಾಗ ಬಹುಪಾಲು ಹೊರಗೆ ಉದುರುತ್ತವೆ. ಚಾವಣಿಗೆ ನೆರಳು ದೊರೆಯುವುದರಿಂದ ಒಳಗಿನ ಸೆಕೆ ಕೊಂಚ ತಗ್ಗುತ್ತದೆ, ರಬ್ಬರು ಪಟ್ಟಿಗಳೂ ಹೆಚ್ಚು ಕಾಲ ಬಾಳುತ್ತವೆ.

ಇಷ್ಟನ್ನೇ ನೋಡಿದರೆ ಹಾಕಿಸಿಬಿಡುವುದೇ ಜಾಣತನವೆನ್ನಿಸಬಹುದು. ಆದರೆ ಬಟ್ಟೆಗೆ ಹಿಡಿತವಿರುವುದು ಎರಡೇ ಅಂಚಿನಲ್ಲಿ. ಗಾಳಿ ಎದ್ದಾಗ ಅದು ರಾತ್ರಿಯಿಡೀ ಪಟಪಟನೆ ಬಡಿದುಕೊಳ್ಳುತ್ತದೆ, ಆ ಸದ್ದನ್ನು ತಾಳಲಾರದೆ ಕೋಣೆಯನ್ನೇ ಒಳಕ್ಕೆ ಎಳೆದುಕೊಂಡು ಮಲಗುವವರಿದ್ದಾರೆ. ಹೆದ್ದಾರಿಯ ವೇಗದಲ್ಲಿ ಗಾಳಿ ಸುರುಳಿಯೊಳಗೆ ನುಗ್ಗಿ ಬಟ್ಟೆಯನ್ನು ಬಿಚ್ಚದಂತೆ ಬೇರೆ ತಡೆಯೂ ಬೇಕಾಗುತ್ತದೆ. ಹೊದಿಕೆಯನ್ನು ಆಮೇಲೆ ಹಾಕಿಸುವುದಾದರೆ ಗೋಡೆಗೆ ಹೊಸ ತಿರುಪುಗಳನ್ನು ಕೊರೆಯಬೇಕಾಗಿದ್ದು, ಪ್ರತಿಯೊಂದು ತೂತಿಗೂ ಸೀಲಂಟ್ ಸರಿಯಾಗಿ ಬಳಿಯದಿದ್ದರೆ ನೀರು ತಡೆಯಲು ತಂದ ವಸ್ತುವೇ ನೀರಿಗೆ ದಾರಿ ಮಾಡಿಕೊಡುತ್ತದೆ. ಬಿಗಿದ ಸ್ಪ್ರಿಂಗನ್ನು ಅನುಭವವಿಲ್ಲದವರು ಬಿಚ್ಚಹೊರಟರೆ ಕೈಗೆ ಪೆಟ್ಟು ಬೀಳುವ ಅಪಾಯವೂ ಇದೆ. ಹಾಗಾಗಿ ತೀರ್ಮಾನವು ಟ್ರೇಲರಿಗಿಂತ ಅದು ತಂಗುವ ನೆಲವನ್ನು ಅವಲಂಬಿಸಿರುತ್ತದೆ. ಚಳಿಗಾಲದಲ್ಲಿ ಸಾವಿರಾರು ಟ್ರೇಲರುಗಳು ನೆರೆಯುವ ಅರಿಜೋನಾದ ಕ್ವಾರ್ಟ್‌ಸೈಟಿನ ಮರುಭೂಮಿಯಲ್ಲಿ ಉದುರಲು ಎಲೆಯಿಲ್ಲ, ಬೀಸಲು ಗಾಳಿ ಧಾರಾಳವಾಗಿದೆ. ಅಲ್ಲಿ ಹೊದಿಕೆಯಿಂದ ಸಿಗುವುದು ನೆರಳಷ್ಟೇ. ಮಿಷಿಗನ್ನಿನ ಓಕ್ ಮರಗಳಡಿ ಶರತ್ಕಾಲ ಕಳೆಯುವವರಿಗಾದರೋ ಅದಿಲ್ಲದೆ ನಡೆಯುವುದು ಕಷ್ಟ.

ಮಳೆಯ ವಿಷಯ ಇವೆರಡಕ್ಕಿಂತ ಜಟಿಲವಾದದ್ದು. ಮೂರಡಿಯಷ್ಟು ಚಾಚಿದ ಬಟ್ಟೆ ಸುರಿಮಳೆಯ ಭಾರಕ್ಕೆ ನಡುವೆ ಜೋತು ನೀರು ನಿಲ್ಲಿಸಿಕೊಳ್ಳುತ್ತದೆ, ಕೋಣೆಯನ್ನು ಒಳಸೆಳೆಯುವಾಗ ಆ ನೀರು ಒಮ್ಮೆಲೇ ಸುರಿಯುತ್ತದೆ. ಇದಕ್ಕೆ ಬಳಕೆದಾರರೇ ಕಂಡುಕೊಂಡ ಉಪಾಯವೆಂದರೆ ಬಟ್ಟೆಗೂ ಚಾವಣಿಗೂ ನಡುವೆ ಮಕ್ಕಳು ಕಡಲತೀರದಲ್ಲಿ ಆಡುವ ಗಾಳಿಚೆಂಡುಗಳನ್ನು ಉಬ್ಬಿಸಿಟ್ಟು, ಬಟ್ಟೆಯನ್ನು ಮಾಡಿನಂತೆ ಎತ್ತಿ ಇಳಿಜಾರು ಮಾಡುವುದು. ಚೆಂಡುಗಳನ್ನು ಹೊರಡುವ ಮುನ್ನ ತೆಗೆಯಲೇಬೇಕು, ಅದಕ್ಕೆ ಮತ್ತೆ ಏಣಿ ಹಾಕಬೇಕು.