ನೊಣದ ಮೈಯೊಳಗೊಂದು ಗಡಿಯಾರ

ಬಾಳೆಹಣ್ಣು ಎರಡು ದಿನ ಹೆಚ್ಚಿಗೆ ಉಳಿದರೆ ಸಾಕು, ಅದರ ಸುತ್ತ ಪುಟ್ಟ ನೊಣಗಳು ಹಾರಾಡತೊಡಗುತ್ತವೆ. ಕಾಲೇಜಿನ ಪ್ರಯೋಗಾಲಯದಲ್ಲಿ ಡ್ರೊಸೊಫಿಲ ಎಂಬ ಹೆಸರಿನಿಂದ ನಿಮಗೆ ಪರಿಚಿತವಾದ ಹಣ್ಣುನೊಣ ಇದೇ. ಕೋಶಾವಸ್ಥೆ ಮುಗಿಸಿ ಇವು ಹೊರಬರುವುದು ಹೆಚ್ಚಾಗಿ ನಸುಕಿನ ವೇಳೆಗೆ. ಸದಾ ಕತ್ತಲಿರುವ ಕೋಣೆಯಲ್ಲಿಟ್ಟರೂ ಸುಮಾರು 24 ಗಂಟೆಗೊಮ್ಮೆ ತಂಡತಂಡವಾಗಿ ಹೊರಬರುತ್ತವೆ. ಹಾಗಾದರೆ ಹೊತ್ತು ತಿಳಿಸುವವರು ಯಾರು?

1971ರಲ್ಲಿ ಅಮೆರಿಕದ ರೊನಾಲ್ಡ್ ಕೊನೊಪ್ಕ ಮತ್ತು ಸೀಮೊರ್ ಬೆಂಜರ್ ಹೊತ್ತು ತಪ್ಪಿದ ಮೂರು ಬಗೆಯ ನೊಣಗಳನ್ನು ಪತ್ತೆಹಚ್ಚಿದರು. ಒಂದರ 'ದಿನ' 19 ಗಂಟೆ, ಇನ್ನೊಂದರದು 28 ಗಂಟೆ, ಮೂರನೆಯದಕ್ಕೆ ದಿನವೆಂಬುದೇ ಇಲ್ಲ. ಸೋಜಿಗವೆಂದರೆ ಮೂರರಲ್ಲೂ ಕೆಟ್ಟಿದ್ದುದು ಒಂದೇ ವಂಶವಾಹಿ. ಅದಕ್ಕೆ 'ಪೀರಿಯಡ್' ಎಂದು ಹೆಸರಾಯಿತು. ಇದರ ಆದೇಶದಂತೆ ತಯಾರಾಗುವ ಪ್ರೋಟೀನು ರಾತ್ರಿ ಹೊತ್ತು ಜೀವಕೋಶದಲ್ಲಿ ಶೇಖರವಾಗಿ, 'ಟೈಮ್‌ಲೆಸ್' ಎಂಬ ಇನ್ನೊಂದು ವಂಶವಾಹಿಯ ಪ್ರೋಟೀನಿನ ಜೊತೆಗೂಡಿ ಕೋಶಕೇಂದ್ರವನ್ನು ಹೊಕ್ಕು, ತನ್ನ ತಯಾರಿಕೆಯನ್ನು ತಾನೇ ನಿಲ್ಲಿಸುತ್ತದೆ. ಅದು ನಶಿಸಿದ ಮೇಲೆ ತಯಾರಿಕೆ ಮತ್ತೆ ಶುರು. ಈ ಸುತ್ತೇ ಗಡಿಯಾರ. ಇದನ್ನು ಬಿಡಿಸಿ ತೋರಿಸಿದ ಹಾಲ್, ರೋಸ್‌ಬಾಶ್ ಮತ್ತು ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂದಿತು.

ಇಲ್ಲೊಂದು ತೊಡಕಿದೆ. ಬಿಸಿಯೇರಿದಂತೆ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ನೊಣದ್ದು ನಮ್ಮಂತೆ ಸದಾ ಒಂದೇ ಕಾವಿನ ಮೈಯಲ್ಲ. ಬೇಸಿಗೆಯಲ್ಲಿ ಅದರ ಗಡಿಯಾರ ಮುಂದೋಡಬೇಡವೇ? (ಸ್ಟುಡಿಯೋ ಗಡಿಯಾರ ಅರೆನಿಮಿಷ ತಪ್ಪಿದರೂ ಪರದಾಡುವ ನನ್ನಂಥವನಿಗೆ ಈ ಪ್ರಶ್ನೆ ಬಹಳ ಹಿಡಿಸಿತು.) ಆದರೂ ಅದು ಹೆಚ್ಚೇನೂ ತಪ್ಪುವುದಿಲ್ಲ.

ಪೀರಿಯಡ್ ಪ್ರೋಟೀನಿನಲ್ಲಿ ಥ್ರಿಯೋನೀನ್ ಮತ್ತು ಗ್ಲೈಸೀನ್ ಎಂಬ ಅಮೈನೋ ಆಮ್ಲಗಳ ಜೋಡಿ ಮಣಿಸರದಂತೆ ಮತ್ತೆಮತ್ತೆ ಬರುತ್ತದೆ. ಯೂರೋಪಿನ ನೊಣಗಳಲ್ಲಿ ಹೆಚ್ಚಾಗಿ ಕಾಣುವುದು 17 ಅಥವಾ 20 ಜೋಡಿ. ಇಟಲಿಯ ರೊಡೊಲ್ಫೊ ಕೋಸ್ಟಾ, ಇಂಗ್ಲೆಂಡಿನ ಕಿರಿಯಾಕೂ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದಂತೆ, ದಕ್ಷಿಣದಲ್ಲಿ 17ರದು ಮೇಲುಗೈ. ಉತ್ತರಕ್ಕೆ ಹೋದಂತೆ 20 ಹೆಚ್ಚುತ್ತದೆ. ಇಷ್ಟರಿಂದಲೇ 'ನಿಸರ್ಗದ ಆಯ್ಕೆ' ಎಂದು ಬರೆದುಬಿಡಬೇಡಿ. ನೊಣಗಳು ವಲಸೆ ಹೋದ ದಾರಿಯೂ ನಕ್ಷೆಯಲ್ಲಿ ಇಂಥದೇ ಗುರುತು ಬಿಡಬಲ್ಲದು. ಅವರ ವಾದಕ್ಕೆ ಬಲ ಬಂದದ್ದು 1997ರಲ್ಲಿ. 17 ಜೋಡಿಯ ನೊಣದ ಗಡಿಯಾರ ಸೆಖೆಯಲ್ಲಿ 24 ಗಂಟೆಗೆ ಸಮೀಪವಿದ್ದು ಚಳಿಯಲ್ಲಿ ಸ್ವಲ್ಪ ಮುಂದೋಡುತ್ತದೆ. 20ರದು ಚಳಿಗೂ ಸೆಖೆಗೂ ಅಷ್ಟಾಗಿ ಜಗ್ಗುವುದಿಲ್ಲ. ಹವೆ ಏರಿಳಿಯುವ ಉತ್ತರದಲ್ಲಿ ಇಂಥದೇ ತಾನೇ ಬೇಕು!

ಟೈಮ್‌ಲೆಸ್‌ನ ಕಥೆ ಬೇರೆ. ಒಂದೇ ಒಂದು ಅಕ್ಷರ ಸೇರಿ ಅದರ ಹೊಸ ರೂಪ ಹುಟ್ಟಿದೆ. ಈ ರೂಪವುಳ್ಳ ಹೆಣ್ಣುನೊಣಗಳು ಚಳಿಗಾಲದಲ್ಲಿ ಮೊಟ್ಟೆಯಿಡುವುದನ್ನು ತಡೆದು ಸುಪ್ತಸ್ಥಿತಿಗೆ ಹೋಗುವುದು ಹೆಚ್ಚು. ಹಾಗಿದ್ದರೆ ಇದು ಉತ್ತರದಲ್ಲಿ ಹೆಚ್ಚಿರಬೇಕಿತ್ತು. ಹೆಚ್ಚಿರುವುದು ದಕ್ಷಿಣದಲ್ಲಿ! 2007ರಲ್ಲಿ ಸಂಶೋಧಕರು ಕೊಟ್ಟ ವಿವರಣೆ: ಈ ರೂಪ ಹುಟ್ಟಿದ್ದೇ ದಕ್ಷಿಣ ಇಟಲಿಯಲ್ಲಿ, ಈಗಿನ್ನೂ ಹರಡುತ್ತಿದೆ. ಒಂದೇ ಬಗೆಯ ನಕ್ಷೆ, ಎರಡು ಬೇರೆ ಅರ್ಥ.

ಆಯ್ಕೆಯನ್ನು ಕಣ್ಣಾರೆ ನೋಡಬಹುದೇ? ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ವಿಜಯ ಕುಮಾರ್ ಶರ್ಮಾ ಮತ್ತು ಸಂಗಡಿಗರು ಮುಂಜಾನೆ ಹೊರಬಂದ ನೊಣಗಳನ್ನು ಒಂದು ಗುಂಪಾಗಿ, ಸಂಜೆ ಹೊರಬಂದವನ್ನು ಇನ್ನೊಂದು ಗುಂಪಾಗಿ ತಲೆಮಾರುಗಟ್ಟಲೆ ಸಾಕಿದರು. ಅವರು ಆರಿಸಿದ್ದು ಹೊರಬರುವ ಹೊತ್ತನ್ನು ಮಾತ್ರ. ಆದರೆ ಒಳಗಿನ ಗಡಿಯಾರವೂ ಬದಲಾಗಿತ್ತು: ಮುಂಜಾನೆಯವುಗಳ 'ದಿನ' ಗಿಡ್ಡವಾಗಿತ್ತು, ಸಂಜೆಯವುಗಳದು ಉದ್ದವಾಗಿತ್ತು.