ಹಿಂಡಿಯ ಮೂಟೆಗಳನ್ನು ಮನೆಯಲ್ಲಿ ಕಾಪಾಡುವ ಕ್ರಮ

ಸುಗ್ಗಿಯಲ್ಲಿ ಕೊಂಡಿಟ್ಟ ಕಡಲೆಕಾಯಿ ಹಿಂಡಿಯು ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಹಣದೊಡನೆ ದನವೂ ನಷ್ಟವಾಗುವುದುಂಟು. 1960ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಹಿಂಡಿಯನ್ನು ತಿಂದ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತುವು. ಬೂಷ್ಟಿನಿಂದ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವೇ ಇದಕ್ಕೆ ಕಾರಣವೆಂದು ಬಳಿಕ ತಿಳಿದುಬಂದಿತು. ಈ ವಿಷವು ಕುದಿಸಿದರೂ ನಾಶವಾಗದು; ಹಸುವಿನ ಹಾಲಿಗೂ ಇಳಿಯುವುದು.

ಆದಕಾರಣ ಮೂಟೆಗಳನ್ನು ಬರಿಯ ನೆಲದ ಮೇಲಾಗಲಿ, ಗೋಡೆಗೆ ಒತ್ತಿಯಾಗಲಿ ಇಡಕೂಡದು. ಚೆನ್ನಾಗಿ ಒಣಗಿದ ಹಿಂಡಿಯನ್ನೇ ಕೊಂಡು, ಹಲಗೆಗಳ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಗಾಳಿಯಾಡುವಂತೆ ಜೋಡಿಸತಕ್ಕದ್ದು. ಮೊದಲು ಬಂದ ಮೂಟೆಯನ್ನೇ ಮೊದಲು ಬಿಚ್ಚತಕ್ಕದ್ದು. ಬೂಷ್ಟು ಕಂಡ ಹಿಂಡಿಯನ್ನು ಬಿಸಿಲಿಗೆ ಹಾಕಿ ತಿನ್ನಿಸುವುದು ಮಿತವ್ಯಯವಲ್ಲ. ಅದನ್ನು ಕಾವಲು ನಾಯಿಗೂ ಹಾಕದೆ ಹೂಳಿಬಿಡುವುದೇ ಲೇಸು. ಗ್ರಾಮದ ಮುಖಂಡರು ತಮ್ಮ ಉಗ್ರಾಣದಲ್ಲಿ ಈ ಕ್ರಮವನ್ನು ನಡೆಸಿ ತೋರಿಸಿದಲ್ಲಿ ಉಳಿದವರೂ ಅನುಸರಿಸುವರು.